ನಲವತ್ತಾರು ಫೋಟೋ, ಒಂದು ಸಾಲಿನ ಕಮಾಂಡ್

ಬ್ಯಾಂಕಿನ ಗೋಡೆಗೆ ಮಾದರಿ ಚಲನ್ ಒಂದನ್ನು ಅಂಟಿಸಿರುತ್ತಾರೆ, ನೀವೂ ನೋಡಿರುತ್ತೀರಿ. ಹೆಸರು, ಖಾತೆ ನಂಬರ್, ಮೊತ್ತ ಅಂಕಿಯಲ್ಲಿ, ಮೊತ್ತ ಅಕ್ಷರದಲ್ಲಿ, ಎಲ್ಲ ತುಂಬಿದ ಚೀಟಿ. ಅದನ್ನು ನೋಡಿಕೊಂಡು ನಮ್ಮದನ್ನು ತುಂಬಬೇಕು. ಒಮ್ಮೆ ನಮ್ಮ ಮುಂದೆ ನಿಂತಿದ್ದ ಅಜ್ಜ ಒಬ್ಬರು ಹಾಗೇ ನೋಡಿ, ದುಂಡಗೆ ಬರೆದು, ಕೌಂಟರಿಗೆ ಕೊಟ್ಟರು. ಒಳಗಿದ್ದವರು ಚೀಟಿ ನೋಡಿದರು, ಪಾಸ್‌ಬುಕ್ ನೋಡಿದರು, ಅಜ್ಜನ ಮುಖ ನೋಡಿದರು. "ಯಜಮಾನ್ರ, ಇದು ನಿಮ್ಮ ಹೆಸರಲ್ಲಲ್ರೀ" ಅಂದರು. ಅಜ್ಜ ಗೋಡೆಯ ಮೇಲಿನ ಹೆಸರನ್ನೂ ಇಳಿಸಿಕೊಂಡಿದ್ದರು. ಪಾಳಿಯಲ್ಲಿದ್ದವರು ನಕ್ಕರು. ನಾವೂ ನಕ್ಕೆವು.

ಆಮೇಲೆ ಅದೇ ಜಾತಿಯ ತಪ್ಪನ್ನು ನಾವು ಲ್ಯಾಪ್‌ಟಾಪ್ ಮುಂದೆ ಕೂತು ಮಾಡಿದೆವು. ಅಜ್ಜನಿಗೆ ಇನ್ನೊಂದು ಚೀಟಿ ಸಿಕ್ಕಿತು. ನಮಗೆ ಕಳೆದದ್ದು ಸಿಗಲಿಲ್ಲ.

ನಾವು ಅಂದರೆ ಹಾವೇರಿ ಜಿಲ್ಲೆಯ ಒಂದು ತಾಲ್ಲೂಕಿನ ಮೂವರು ಸ್ಟ್ರಿಂಗರ್‌ಗಳು. ಪತ್ರಿಕೆಯ ಸಂಬಳದ ಪಟ್ಟಿಯಲ್ಲಿ ನಮ್ಮ ಹೆಸರಿಲ್ಲ. ಸುದ್ದಿ ಅಚ್ಚಾದರೆ ದುಡ್ಡು, ಇಲ್ಲದಿದ್ದರೆ ಪೆಟ್ರೋಲ್ ನಮ್ಮ ತಲೆಗೆ. ಮೂವರದ್ದು ಮೂರು ಬೇರೆ ಬೇರೆ ಪತ್ರಿಕೆ. ಆದರೆ ಕೋಣೆ ಒಂದು, ಕ್ಯಾಮೆರಾ ಒಂದು, ಲ್ಯಾಪ್‌ಟಾಪ್ ಒಂದು. ಲ್ಯಾಪ್‌ಟಾಪ್ ಹಳೆಯದು. ವಿಂಡೋಸ್ ತೆರೆಯುವುದರೊಳಗೆ ಚಹಾ ಕುಡಿದು ಬರಬಹುದಿತ್ತು. ನಮ್ಮ ಜೊತೆ ಓದಿ ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸಕ್ಕೆ ಸೇರಿದ ಗೆಳೆಯ ಹಬ್ಬಕ್ಕೆ ಊರಿಗೆ ಬಂದಾಗ ಅದನ್ನು ತೆಗೆದು ಲಿನಕ್ಸ್ ಹಾಕಿಕೊಟ್ಟ. ಯಂತ್ರಕ್ಕೆ ಮತ್ತೆ ಜೀವ ಬಂತು. ಜೊತೆಗೆ ಒಂದು ಕಪ್ಪು ಪರದೆಯೂ ಬಂತು.

ಅದಕ್ಕೆ ಟರ್ಮಿನಲ್ ಅನ್ನುತ್ತಾರೆ, ಕಮಾಂಡ್ ಲೈನ್ ಅಂತಲೂ ಅನ್ನುತ್ತಾರೆ. ಅಲ್ಲಿ ಒತ್ತಲು ಬಟನ್ ಇಲ್ಲ, ಚಿತ್ರ ಇಲ್ಲ. ಏನು ಆಗಬೇಕೋ ಅದನ್ನು ಅದರ ಭಾಷೆಯಲ್ಲಿ ಒಂದು ಸಾಲು ಟೈಪ್ ಮಾಡಿ ಎಂಟರ್ ಒತ್ತಬೇಕು. ಸಾಲು ಸರಿಯಾಗಿದ್ದರೆ ಅರ್ಧ ದಿನದ ಕೆಲಸ ಅರ್ಧ ನಿಮಿಷದಲ್ಲಿ ಮುಗಿಯುತ್ತದೆ. ಒಂದು ಅಕ್ಷರ ತಪ್ಪಿದರೆ ಬೈಯುತ್ತದೆ. ಸಾಲು ಸರಿಯಿದ್ದು ನಮ್ಮ ತಿಳಿವಳಿಕೆ ತಪ್ಪಿದ್ದರೆ ಏನೂ ಅನ್ನುವುದಿಲ್ಲ, ಹೇಳಿದಷ್ಟು ಮಾಡಿ ಮುಗಿಸುತ್ತದೆ.

2019ರ ಆಗಸ್ಟ್. ವರದಾ ಉಕ್ಕಿ ದಂಡೆಯ ಊರುಗಳಿಗೆ ನೀರು ನುಗ್ಗಿತ್ತು. ಒಂದೇ ದಿನ ನಲವತ್ತಾರು ಫೋಟೋ ತೆಗೆದಿದ್ದೆವು. ಬಿದ್ದ ಗೋಡೆ, ತೇಲುವ ಕಣಕಿ, ಶಾಲೆಯ ಜಗುಲಿಯ ಮೇಲೆ ಮಲಗಿದ ಮಕ್ಕಳು. ಅದರಲ್ಲಿ ಒಂದು, ಮೊಣಕಾಲುಮಟ್ಟದ ನೀರಿನಲ್ಲಿ ಕರುವನ್ನು ಹೆಗಲ ಮೇಲೆ ಹೊತ್ತು ನಡೆದು ಬರುತ್ತಿದ್ದ ಒಬ್ಬ ರೈತರದ್ದು. ಅವರು ಕ್ಯಾಮೆರಾ ನೋಡಿರಲಿಲ್ಲ. ಕಾಲಿಡುವ ಜಾಗವನ್ನು ನೋಡುತ್ತಿದ್ದರು.

ರಾತ್ರಿ ಕರೆಂಟಿಲ್ಲ, ನೆಟ್‌ವರ್ಕ್ ಒಂದು ಕಡ್ಡಿ. ಒಂದೊಂದು ಫೋಟೋ ನಾಲ್ಕೈದು ಎಂಬಿ. ಡೆಸ್ಕಿನವರು ಬೇಗ ಕಳಿಸಿ ಅಂತ ಫೋನಿನ ಮೇಲೆ ಫೋನು. ಬೆಂಗಳೂರಿನ ಗೆಳೆಯನನ್ನು ಕೇಳಿದೆವು. ಅವನು ಆಫೀಸಿನ ಗಡಿಬಿಡಿಯಲ್ಲಿದ್ದ, ವಾಟ್ಸ್‌ಆ್ಯಪ್‌ನಲ್ಲಿ ಒಂದು ಸಾಲು ಕಳಿಸಿದ. ಅದನ್ನು ಬಾಯಲ್ಲಿ ಹೇಳುವುದಾದರೆ ಹೀಗೆ: ಮೋಗ್ರಿಫೈ, ಸ್ಪೇಸ್, ಹೈಫನ್ ರಿಸೈಜ್, ಸ್ಪೇಸ್, 640, ಸ್ಪೇಸ್, ನಕ್ಷತ್ರ ಚುಕ್ಕಿ ಜೆಪಿಜಿ.

ಒಬ್ಬರು ಓದಿದರು, ಒಬ್ಬರು ಟೈಪ್ ಮಾಡಿದರು, ಒಬ್ಬರು ಮೊಬೈಲ್ ಬೆಳಕು ಹಿಡಿದರು. ಎಂಟರ್. ಪರದೆ ಒಂದು ಮಾತೂ ಆಡಲಿಲ್ಲ. ಫೋಲ್ಡರ್ ತೆರೆದು ನೋಡಿದರೆ ನಲವತ್ತಾರೂ ಹಗುರಾಗಿದ್ದವು. ಕುಣಿದಾಡುವುದೊಂದು ಬಾಕಿ. ಹತ್ತು ನಿಮಿಷದಲ್ಲಿ ಎಲ್ಲ ಕಳಿಸಿ ಮಲಗಿದೆವು. ಬೆಳಿಗ್ಗೆ ಇನ್ನೊಂದು ಊರಿಗೆ ಹೋಗಬೇಕಿತ್ತು. ಮೆಮೊರಿ ಕಾರ್ಡ್ ತುಂಬಿತ್ತು. ಲ್ಯಾಪ್‌ಟಾಪಿನಲ್ಲಿ ಇವೆಯಲ್ಲ ಅಂತ ಕಾರ್ಡಿನಲ್ಲಿದ್ದದ್ದನ್ನು ಅಳಿಸಿದೆವು.

ಎರಡು ವರ್ಷ ಕಳೆದ ಮೇಲೆ ಆ ಊರಿನ ಒಬ್ಬ ಹೆಣ್ಣುಮಗಳು ನಮ್ಮನ್ನು ಹುಡುಕಿಕೊಂಡು ಕೋಣೆಗೆ ಬಂದರು. ಕೈಯಲ್ಲಿ ಮಡಚಿದ ಪತ್ರಿಕೆಯ ತುಂಡು. ಕರು ಹೊತ್ತವರು ಅವರ ತಂದೆ. ತೀರಿಕೊಂಡು ಒಂಬತ್ತು ದಿನವಾಗಿತ್ತು.

"ಅಪ್ಪಾರದು ಒಂದೂ ಚಲೋ ಫೋಟೋ ಇಲ್ರೀ ಅಣ್ಣಾರ. ಆಧಾರ್ ಕಾರ್ಡಿನ್ಯಾಗಿಂದು ನೋಡಿದ್ರ ಅವರು ಅನ್ನಂಗೇ ಇಲ್ಲ. ಇದರಾಗ ಬರೋಬ್ಬರಿ ಬಂದಾರ. ಇದನ್ನ ದೊಡ್ಡದು ಮಾಡಿ ಕೊಡ್ರಿ, ರೊಕ್ಕ ಎಷ್ಟಾದ್ರೂ ಕೊಡ್ತೀನಿ" ಅಂದರು.

ರೊಕ್ಕದ ಮಾತೇ ಬೇಡ ಅಂತ ಲ್ಯಾಪ್‌ಟಾಪ್ ತೆರೆದೆವು. ಫೋಟೋ ಇತ್ತು. ಸ್ಟುಡಿಯೋಕ್ಕೆ ಒಯ್ದೆವು. ಸ್ಟುಡಿಯೋದವರು ಎರಡು ಸಲ ದೊಡ್ಡದು ಮಾಡಿ ನೋಡಿ, "ಇದು ಸಣ್ಣದು ಮಾಡಿದ್ದು, ಒರಿಜಿನಲ್ ಕೊಡ್ರಿ" ಅಂದರು. ಒರಿಜಿನಲ್ ಇದೇ ಅಂದೆವು. ಅವರು ಲೆಕ್ಕ ಹೇಳಿದರು. ಚೊಕ್ಕಟ ಪ್ರಿಂಟಿಗೆ ಒಂದು ಇಂಚಿಗೆ 300 ಚುಕ್ಕಿ ಬೇಕು. ಈ ಫೋಟೋದ ಅಗಲ 640 ಚುಕ್ಕಿ. ಅಂದರೆ ಎರಡು ಇಂಚಿಗಿಂತ ಸ್ವಲ್ಪ ಹೆಚ್ಚು, ಅದೂ ನೀರು, ಗೋಡೆ, ಕರು ಎಲ್ಲ ಸೇರಿ. ನಮ್ಮ ಕ್ಯಾಮೆರಾ ತೆಗೆದದ್ದು 4608 ಚುಕ್ಕಿ ಅಗಲದ ಫೋಟೋ, ಹದಿನೈದು ಇಂಚಿಗೆ ಸಾಲುವಷ್ಟು. ಅದು ಎಲ್ಲಿಯೂ ಇರಲಿಲ್ಲ. ಪತ್ರಿಕೆಯವರ ಹತ್ತಿರವೂ ನಾವು ಕಳಿಸಿದ ಸಣ್ಣದೇ ಇತ್ತು. ಆ ರಾತ್ರಿ ನಮಗೆ ಫೋಟೋದ ಸಣ್ಣ ನಕಲು ಬೇಕಾಗಿತ್ತು. ಯಂತ್ರ ನಕಲು ಮಾಡಿರಲಿಲ್ಲ, ಮೂಲವನ್ನೇ ಸಣ್ಣದು ಮಾಡಿತ್ತು. ನಲವತ್ತಾರನ್ನೂ.

ಎಂಟರ್ ಒತ್ತಿದ್ದು ಯಾರ ಬೆರಳು ಅಂತ ನಾವು ಮೂವರೂ ಇವತ್ತಿಗೂ ಬಾಯಿಬಿಟ್ಟು ಹೇಳಿಕೊಂಡಿಲ್ಲ. ಹೇಳುವುದೂ ಇಲ್ಲ. ಮೂವರೂ ಆ ಪರದೆಯ ಮುಂದೆಯೇ ಇದ್ದೆವು.

ಅವತ್ತು ಸಂಜೆ ಮೊದಲ ಸಲ ಆ ಕಮಾಂಡಿನ ಕೈಪಿಡಿ ತೆರೆದು ನೋಡಿದೆವು. ಟರ್ಮಿನಲ್‌ನಲ್ಲಿ 'ಮ್ಯಾನ್' ಅಂತ ಬರೆದು ಕಮಾಂಡಿನ ಹೆಸರು ಕೊಟ್ಟರೆ ಅದರ ಕೈಪಿಡಿ ಬರುತ್ತದೆ. ಮ್ಯಾನ್ ಅಂದರೆ ಮ್ಯಾನ್ಯುಅಲ್. ಮೋಗ್ರಿಫೈ ಎಂಬುದು ಇಮೇಜ್‌ಮ್ಯಾಜಿಕ್ ಎಂಬ ತಂತ್ರಾಂಶದ ಒಂದು ಕಮಾಂಡ್. ಅದರ ಹೆಸರಿನ ಪಕ್ಕದಲ್ಲೇ, ಶುರುವಿನಲ್ಲೇ ಬರೆದಿದೆ: ಇದು ಮೂಲ ಚಿತ್ರದ ಮೇಲೆಯೇ ಬರೆಯುತ್ತದೆ, ಬೇರೆ ಫೈಲಿಗೆ ಬರೆಯುವುದು ಕನ್ವರ್ಟ್ ಎಂಬ ಇನ್ನೊಂದು ಕಮಾಂಡ್ ಅಂತ. ಅದನ್ನು ಓದಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಹಾಗಾದರೆ ನಾವು ಯಾಕೆ ತೆರೆದಿರಲಿಲ್ಲ? ನೆಪ ಹೇಳುತ್ತಿಲ್ಲ, ಕಾರಣ ಹೇಳುತ್ತಿದ್ದೇವೆ. ಅದಕ್ಕಿಂತ ಮೊದಲು ಬೇರೆ ಕಮಾಂಡುಗಳ ಕೈಪಿಡಿ ತೆರೆದು ಸೋತಿದ್ದೆವು. ಚೌಕ ಕಂಸ, ಹೈಫನ್, ಮತ್ತೆ ಕಂಸ. ಚೌಕ ಕಂಸದೊಳಗೆ ಇದ್ದದ್ದು ಬೇಕಾದರೆ ಹಾಕಿ, ಬೇಡವಾದರೆ ಬಿಡಿ ಎಂಬ ಅರ್ಥ ಅನ್ನುವುದು ನಮಗೆ ಯಾರೂ ಹೇಳಿರಲಿಲ್ಲ. ಆಯ್ಕೆಗಳೆಲ್ಲ ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲಿ. ನಮಗೆ ಬೇಕಾದ್ದು 'ಆರ್'ನಲ್ಲಿದ್ದರೆ, 'ಎ'ಯಿಂದ ಶುರು ಮಾಡಿ ಅಷ್ಟು ದೂರ ನಡೆಯಬೇಕು. ಎರಡು ಸಲ ಹಾಗೆ ದಾರಿ ತಪ್ಪಿದವರು ಮೂರನೇ ಸಲ ಆ ಬಾಗಿಲು ತೆರೆಯುವುದಿಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಸಾಲನ್ನು ಅಂಟಿಸಿ ಕೈ ತೊಳೆದುಕೊಳ್ಳುತ್ತಾರೆ.

ಕೈಪಿಡಿ ಬರೆದವರನ್ನು ಬೈಯುವ ಹಾಗೂ ಇಲ್ಲ. ಯುನಿಕ್ಸ್‌ನ ಮೊದಲ ಕೈಪಿಡಿ ಹೊರಬಂದದ್ದು 1971ರ ನವೆಂಬರ್ 3ರಂದು, ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ. ಬರೆದವರು ಕೆನ್ ಥಾಂಪ್ಸನ್ ಮತ್ತು ಡೆನ್ನಿಸ್ ರಿಚಿ, ಆ ವ್ಯವಸ್ಥೆಯನ್ನು ಕಟ್ಟಿದವರೇ. ಹೆಸರು, ಬಳಸುವ ರೀತಿ, ವಿವರಣೆ ಎಂದು ಅಚ್ಚುಕಟ್ಟಾದ ಭಾಗಗಳು. 'ದೋಷಗಳು' ಎಂಬ ಭಾಗವೂ ಇತ್ತು. ನಮ್ಮ ತಂತ್ರಾಂಶದಲ್ಲಿ ಇಂಥದ್ದು ಸರಿಯಿಲ್ಲ ಅಂತ ತಾವೇ ಬರೆದುಕೊಂಡಿದ್ದರು. ಎಷ್ಟು ಇಲಾಖೆಗಳು ತಮ್ಮ ಅರ್ಜಿಯ ಕೆಳಗೆ ಹಾಗೆ ಬರೆದಾವು? ಇಂದಿಗೂ ಕೈಪಿಡಿಗಳಿಗೆ ಹೆಚ್ಚುಕಮ್ಮಿ ಅದೇ ಚೌಕಟ್ಟು. ಕೆಲಸ ಗೊತ್ತಿದ್ದವರಿಗೆ ವಿವರ ನೆನಪಿಸಲು ಅದು ಹೇಳಿ ಮಾಡಿಸಿದ್ದು. ಹೊಸಬರ ಕೈ ಹಿಡಿದು ನಡೆಸಲು ಅದನ್ನು ಬರೆದದ್ದಲ್ಲ.

ಸ್ಟುಡಿಯೋದಿಂದ ಬಂದ ವಾರದಲ್ಲೇ, ಬೆಂಗಳೂರಿನ ಗೆಳೆಯನಿಗೆ ನಡೆದದ್ದನ್ನು ಹೇಳಿದೆವು. ಅವನು ಬಹಳ ನೊಂದುಕೊಂಡ. "ಒಂದು ಮಾತು ಹೇಳಬೇಕಿತ್ತು, ಫೋಲ್ಡರ್ ನಕಲು ಮಾಡಿಕೊಳ್ಳಿ ಅಂತ. ನನಗೆ ಗೊತ್ತಿತ್ತು, ಗೊತ್ತಿದೆ ಅನ್ನೋದೇ ಮರೆತುಹೋಗಿತ್ತು" ಅಂದ. ಈ ಮಾತನ್ನು ನಾವು ಆಮೇಲೆ ಬಹಳ ಸಲ ನೆನಪಿಸಿಕೊಂಡಿದ್ದೇವೆ. ಬಲ್ಲವರು ಬಿಟ್ಟುಬಿಡುವುದು ಇಂಥದ್ದನ್ನೇ. ಅವರಿಗೆ ಅದು ಹೇಳುವ ವಿಷಯವಾಗಿಯೇ ಕಾಣುವುದಿಲ್ಲ.

ಅವನೇ ನಮಗೆ ಟಿಎಲ್‌ಡಿಆರ್ ಪೇಜಸ್ ತೋರಿಸಿದ್ದು. ಬಹಳ ಉದ್ದವಾಯಿತು, ಓದಲಿಲ್ಲ ಎಂಬ ಅರ್ಥದ ಇಂಗ್ಲಿಷ್ ಮಾತನ್ನು ಮೊಟಕು ಮಾಡಿ ಇಟ್ಟ ಹೆಸರು ಅದು. 2013ರ ಕೊನೆಯಲ್ಲಿ ಶುರುವಾದ ಕೆಲಸ. ಜಗತ್ತಿನ ಬೇರೆ ಬೇರೆ ಕಡೆಯ ಜನ ಪುಕ್ಕಟೆಯಾಗಿ ಬರೆದು ಕೂಡಿಸಿದ್ದು. ಒಂದು ಕಮಾಂಡಿಗೆ ಒಂದು ಪುಟ. ಮೇಲೆ ಹೆಸರು. ಕೆಳಗೆ ಒಂದೆರಡು ಸಾಲಿನಲ್ಲಿ ಇದು ಏನು ಮಾಡುತ್ತದೆ ಎಂಬುದು. ಆಮೇಲೆ ನೇರವಾಗಿ ಉದಾಹರಣೆ: ಇಂಥ ಕೆಲಸ ಆಗಬೇಕೇ, ಈ ಸಾಲು ಬರೆಯಿರಿ. ಸುಲಭದ್ದು ಮೊದಲು, ಕಷ್ಟದ್ದು ಕೊನೆಗೆ. ಸುಮಾರು ಐದು ಉದಾಹರಣೆ ಇರಲಿ, ಎಂಟು ದಾಟಬಾರದು ಎಂಬುದು ಅವರ ನಿಯಮ.

ನಮಗೆ ಡಿಪ್ಲೊಮಾ ತರಗತಿ ನೆನಪಾಯಿತು. ಮುಖ್ಯವಾದದ್ದನ್ನು ಮೊದಲ ಪ್ಯಾರಾದಲ್ಲಿ ಕೊಡಿ, ಓದುಗ ಎಲ್ಲಿ ಬಿಟ್ಟು ಎದ್ದರೂ ವಿಷಯ ಸಿಕ್ಕಿರಬೇಕು ಅಂತ ಮೇಷ್ಟ್ರು ಹೇಳುತ್ತಿದ್ದರು. ಅದೇ ಪಾಠವನ್ನು ಇಲ್ಲಿ ಯಾರೋ ಕಂಪ್ಯೂಟರಿಗೆ ಹಚ್ಚಿದ್ದರು.

ಮೊದಲು ಹುಡುಕಿದ್ದು ಮೋಗ್ರಿಫೈ ಪುಟವನ್ನೇ, ಬೇರೆ ಯಾವುದನ್ನು ಹುಡುಕುತ್ತೇವೆ? ಒಂದು ಸಾಲಿನಲ್ಲಿ, ಹಲವು ಚಿತ್ರಗಳ ಮೇಲೆ ಒಟ್ಟಿಗೆ ಕೆಲಸ ಮಾಡುವ ಕಮಾಂಡ್ ಅಂತ ಇತ್ತು. ಮುಂದಿನ ಸಾಲಿನಲ್ಲಿ, ಬದಲಾವಣೆ ನೇರವಾಗಿ ಮೂಲ ಫೈಲಿನ ಮೇಲೆಯೇ ಆಗುತ್ತದೆ ಅಂತ. ಅದರ ಕೆಳಗೆ ಉದಾಹರಣೆಗಳು. ಒಂದರಲ್ಲಿ ಡಿಎಸ್‌ಸಿ ಎಂದು ಶುರುವಾಗುವ ಫೋಟೋಗಳನ್ನೆಲ್ಲ ಸಣ್ಣದು ಮಾಡುವ ಸಾಲಿತ್ತು. ನಮ್ಮ ಕ್ಯಾಮೆರಾ ಕೊಡುವ ಹೆಸರೂ ಅದೇ. ಬರೆದವರು ಯಾವ ದೇಶದವರೋ, ಅವರ ಕೈಯಲ್ಲೂ ನಮ್ಮಂಥದೇ ಒಂದು ಕ್ಯಾಮೆರಾ ಇದ್ದಿರಬೇಕು. ಕರು ಹೊತ್ತ ಆ ಫೋಟೋದ ಹೆಸರೂ ಡಿಎಸ್‌ಸಿಯಿಂದಲೇ ಶುರುವಾಗುತ್ತಿತ್ತು.

ಇಷ್ಟು ಸಣ್ಣ ಪುಟವಾಗಿದ್ದರೆ ಆ ರಾತ್ರಿ ಮೊಬೈಲ್ ಬೆಳಕಿನಲ್ಲೂ ನಾವು ಓದುತ್ತಿದ್ದೆವು. ಒಮ್ಮೆ ಇಳಿಸಿಕೊಂಡರೆ ಈ ಪುಟಗಳನ್ನು ನೆಟ್‌ವರ್ಕ್ ಇಲ್ಲದಾಗಲೂ ನೋಡಬಹುದು ಎಂಬುದೂ ಗೊತ್ತಾಯಿತು. ಗೊತ್ತಾದದ್ದು ತಡವಾಗಿ.

ಆ ಪುಟಗಳನ್ನು ಬಳಸುವಾಗಲೂ ನಾವು ಬ್ಯಾಂಕಿನ ಅಜ್ಜನೇ ಆದೆವು. ನಿಮ್ಮ ಫೈಲಿನ ಹೆಸರು ಹಾಕಬೇಕಾದ ಜಾಗವನ್ನು ಅಲ್ಲಿ ಜೋಡಿ ಪುಷ್ಪಾವರಣದ ಒಳಗೆ ಬರೆದು ತೋರಿಸಿರುತ್ತಾರೆ. ನಾವು ಆವರಣವನ್ನೂ ಅದರೊಳಗಿನ ಮಾದರಿ ಹೆಸರನ್ನೂ ಹಾಗೇ ಟೈಪ್ ಮಾಡಿದೆವು. ಅಂಥ ಫೈಲೇ ಇಲ್ಲ ಅಂತ ಯಂತ್ರ ಹೇಳಿತು. ಈ ಸಲ ನಗಲು ನಮ್ಮ ಹಿಂದೆ ಪಾಳಿ ಇರಲಿಲ್ಲ, ಅಷ್ಟೇ.

ಗೊಬ್ಬರದಂಗಡಿಯಲ್ಲಿ ಔಷಧಿ ಡಬ್ಬಿ ಕೊಡುವಾಗ ಏನು ಹೇಳುತ್ತಾರೆ, ನೆನಪು ಮಾಡಿಕೊಳ್ಳಿ. "ಟ್ಯಾಂಕಿಗೆ ಎರಡು ಮುಚ್ಚಳ ಹಾಕ್ರಿ." ಡಬ್ಬಿಯ ಮೇಲೆ ಇರುವೆ ಸಾಲಿನಂಥ ಅಕ್ಷರದಲ್ಲಿ ಎಷ್ಟೋ ಬರೆದಿರುತ್ತದೆ. ಅದನ್ನು ಓದುವವರು ಕಡಿಮೆ. ಎರಡು ಮುಚ್ಚಳ ಎಂಬುದು ಎಲ್ಲರಿಗೂ ತಿಳಿಯುತ್ತದೆ, ಮನೆಗೆ ಹೋಗುವವರೆಗೂ ನೆನಪಿರುತ್ತದೆ. ಅದು ಒಳ್ಳೆಯ ಸಹಾಯ. ಆದರೆ ಗಾಳಿಗೆ ಎದುರಾಗಿ ಹೊಡೆಯಬೇಡಿ, ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ ಎಂಬ ಮಾತು ಎರಡು ಮುಚ್ಚಳದ ಜೊತೆ ಬರದಿದ್ದರೆ? ಅದು ಡಬ್ಬಿಯ ಮೇಲೆ ಇತ್ತಲ್ಲ ಅಂತ ಆಮೇಲೆ ಹೇಳಿ ಏನು ಉಪಯೋಗ?

ನಮಗೆ ಬಂದ ಒಂದು ಸಾಲೂ ಎರಡು ಮುಚ್ಚಳವೇ. ಅಳತೆ ಸರಿ ಇತ್ತು, ಎಚ್ಚರದ ಮಾತು ಜೊತೆಯಲ್ಲಿ ಇರಲಿಲ್ಲ. ಸುಲಭ ಮಾಡಿ ಹೇಳುವವರ ಕೈಯಲ್ಲಿ ಕತ್ತರಿ ಇರುತ್ತದೆ, ಅವರು ಏನನ್ನಾದರೂ ಕತ್ತರಿಸಲೇಬೇಕು. ನೂರು ಆಯ್ಕೆಯಲ್ಲಿ ತೊಂಬತ್ತೈದನ್ನು ಬಿಡಲಿ, ತೊಂದರೆ ಇಲ್ಲ. ತಿರುಗಿ ಬಾರದಂತೆ ಏನು ಹೋಗುತ್ತದೆ ಎಂಬ ಒಂದು ಮಾತನ್ನು ಮಾತ್ರ ಬಿಡಬಾರದು. ಇದು ಕಂಪ್ಯೂಟರಿಗೆ ಮಾತ್ರ ಅಲ್ಲ, ಸರ್ಕಾರಿ ಯೋಜನೆಯ ಸುದ್ದಿ ಬರೆಯುವ ನಮಗೂ ಅನ್ವಯ. ಅರ್ಜಿ ಎಲ್ಲಿ ಹಾಕಬೇಕು ಅಂತ ಬರೆದು, ಕೊನೆಯ ದಿನ ಯಾವುದು ಅಂತ ಬಿಟ್ಟ ಸುದ್ದಿಗಳನ್ನು ನಾವೂ ಬರೆದಿದ್ದೇವೆ.

ಆವಾಗಿನಿಂದ ನಮ್ಮ ಕೋಣೆಯಲ್ಲಿ ಇನ್ನೂರು ಪುಟದ ಒಂದು ನೋಟ್‌ಬುಕ್ ಇದೆ. ಒಂದು ಕೆಲಸಕ್ಕೆ ಒಂದು ಪುಟ, ಪುಟಕ್ಕೆ ನಾಲ್ಕೇ ಸಾಲು. ಏನು ಕೆಲಸ. ಏನು ಟೈಪ್ ಮಾಡಬೇಕು. ಅದರಲ್ಲಿ ನಾವು ಬದಲಿಸಬೇಕಾದ್ದು ಯಾವುದು, ಕೆಂಪು ಗೆರೆ ಎಳೆದು. ನಾಲ್ಕನೆಯದು, ಏನು ಹೋಗುತ್ತದೆ.

ಮೊದಲ ಪುಟ ಫೋಟೋ ಸಣ್ಣದು ಮಾಡುವುದು. ಮೊದಲು 'ಸಣ್ಣ' ಅಂತ ಬೇರೆ ಫೋಲ್ಡರ್ ಮಾಡಿ. ಹಳೆಯ ಸಾಲಿನಲ್ಲಿ ಮೋಗ್ರಿಫೈ ಆದ ಮೇಲೆ, ಹೈಫನ್ ಪಾತ್, ಸ್ಪೇಸ್, ಆ ಫೋಲ್ಡರಿನ ಹೆಸರು ಸೇರಿಸಿ. ಸಣ್ಣ ಫೋಟೋಗಳು ಅಲ್ಲಿಗೆ ಹೋಗುತ್ತವೆ, ಮೂಲ ಮುಟ್ಟದೆ ಉಳಿಯುತ್ತದೆ. ಏನು ಹೋಗುತ್ತದೆ: ಪಾತ್ ಮರೆತರೆ ಎಲ್ಲ ಹೋಗುತ್ತದೆ.

ಎರಡನೇ ಪುಟ ವಿಡಿಯೋ ತುಂಡು ಮಾಡುವುದು. ಅದಕ್ಕೆ ಎಫ್‌ಎಫ್‌ಎಂಪೆಗ್. ಅದೇ ಹೆಸರಿನ ಫೈಲ್ ಮೊದಲೇ ಇದ್ದರೆ ಅಳಿಸಿ ಬರೆಯಲೇ ಅಂತ ಇದು ಕೇಳುತ್ತದೆ, ಸಜ್ಜನ. ಕೇಳಿದಾಗ ಓದದೆ 'ವೈ' ಒತ್ತಬೇಡಿ.

ಮೂರನೇ ಪುಟ ಪಿಡಿಎಫ್‌ನಿಂದ ಅಕ್ಷರ ತೆಗೆಯುವುದು, ಪಿಡಿಎಫ್ ಟು ಟೆಕ್ಸ್ಟ್. ಇಂಗ್ಲಿಷ್ ಟೆಂಡರ್ ಪಟ್ಟಿಗಳಿಗೆ ಚೆನ್ನಾಗಿ ನಡೆಯುತ್ತದೆ. ಹಳೆಯ ನುಡಿ ಫಾಂಟಿನ ಕನ್ನಡವಾದರೆ ಅಕ್ಷರ ಕಲಸುಮೇಲೋಗರ. ಅಂಥದ್ದನ್ನು ಕಣ್ಣಲ್ಲೇ ಓದಬೇಕು. ಏನು ಹೋಗುತ್ತದೆ: ಮೂಲ ಪಿಡಿಎಫ್‌ಗೆ ಏನೂ ಆಗುವುದಿಲ್ಲ, ಕೋಷ್ಟಕದ ಗೆರೆಗಳು ಮಾತ್ರ ಹೋಗುತ್ತವೆ.

ಹೀಗೆ ಈಗ ಮೂವತ್ತೊಂದು ಪುಟ ಆಗಿದೆ. ಹೊಸ ಪುಟ ಬರೆಯಲು ನಮ್ಮಲ್ಲಿ ಒಂದು ಕಟ್ಟಳೆ. ಆ ಕೆಲಸವನ್ನು ನಮ್ಮಲ್ಲಿ ಕೊನೆಗೆ ಕಲಿತವರೇ ಅದನ್ನು ಬರೆಯಬೇಕು. ಎಲ್ಲಿ ಎಡವಿದೆ ಅನ್ನುವುದು ಅವರ ಕಾಲಿಗೆ ಇನ್ನೂ ನೆನಪಿರುತ್ತದೆ.

ಟಿಎಲ್‌ಡಿಆರ್ ಪುಟಗಳನ್ನು ನೀವು ನಿಮ್ಮ ಫೋನಿನ ಬ್ರೌಸರಿನಲ್ಲೇ ನೋಡಬಹುದು. ಆಂಡ್ರಾಯ್ಡ್ ಫೋನಿನಲ್ಲಿ ಟರ್ಮಕ್ಸ್ ಎಂಬ ಆ್ಯಪ್ ಹಾಕಿಕೊಂಡರೆ ಕಪ್ಪು ಪರದೆಯೂ ಅಂಗೈಯಲ್ಲೇ ಬರುತ್ತದೆ. ಹಿಂದಿ, ತಮಿಳು, ಮಲಯಾಳಂ ಸೇರಿ ಹಲವು ಭಾಷೆಗಳಲ್ಲಿ ಪುಟಗಳು ಅನುವಾದವಾಗಿವೆ. ಯಾರು ಬೇಕಾದರೂ ಬರೆದು ಕಳಿಸಬಹುದು, ನಮ್ಮ ಕನ್ನಡದಲ್ಲೂ. ಕಮಾಂಡಿನ ಹೆಸರು ಇಂಗ್ಲಿಷಿನಲ್ಲೇ ಇರುತ್ತದೆ. ಅದು ಏನು ಮಾಡುತ್ತದೆ ಅನ್ನುವುದು ಕನ್ನಡದಲ್ಲಿ ಇರಬೇಕು, ಅದರಲ್ಲೂ ಆ ಎಚ್ಚರದ ಸಾಲು. ನಮ್ಮ ನೋಟ್‌ಬುಕ್ಕಿನ ಪುಟಗಳನ್ನು ತಿದ್ದಿ ಕಳಿಸಲು ನಾವು ಶುರು ಮಾಡಬೇಕೆಂದಿದ್ದೇವೆ. ಕೈಜೋಡಿಸುವವರಿದ್ದರೆ ತಿಳಿಸಿ.

ಆ ಹೆಣ್ಣುಮಗಳಿಗೆ ನಾವು ನಡೆದದ್ದನ್ನು ಮುಚ್ಚಿಡದೆ ಹೇಳಿದೆವು. ಅವರಿಗೆ ಎಷ್ಟು ತಿಳಿಯಿತೋ ಗೊತ್ತಿಲ್ಲ. "ಸಣ್ಣದಾದ್ರೂ ಇರವಲ್ಲದ್ಯಾಕ, ಕೊಡ್ರಿ" ಅಂದರು. ಸ್ಟುಡಿಯೋದವರು ಆದಷ್ಟು ಮಟ್ಟಿಗೆ ಸರಿ ಮಾಡಿ ಅಂಗೈಯಗಲದ ಒಂದು ಪ್ರಿಂಟ್ ಹಾಕಿಕೊಟ್ಟರು, ರೊಕ್ಕ ತೆಗೆದುಕೊಳ್ಳಲಿಲ್ಲ. ಕಳೆದ ವರ್ಷ ಬೇರೆ ಸುದ್ದಿಗೆ ಆ ಊರಿಗೆ ಹೋದಾಗ ಚಹಾಕ್ಕೆ ಕರೆದರು. ಪಡಸಾಲೆಯ ಗೋಡೆಯ ಮೇಲೆ ದೇವರ ದೊಡ್ಡ ಪಟಗಳು, ಅವುಗಳ ನಡುವೆ ಆ ಸಣ್ಣ ಫ್ರೇಮು. ಹತ್ತಿರ ಹೋದರೆ ಮುಖ ಮಸುಕು. ನಾಲ್ಕು ಹೆಜ್ಜೆ ಹಿಂದೆ ಸರಿದರೆ ಕರು ಹೊತ್ತು ಬರುತ್ತಿರುವುದು ಗೊತ್ತಾಗುತ್ತದೆ. ನಾವು ಹಿಂದೆ ಸರಿದು ನಿಂತು ನೋಡಿದೆವು.